ದೀಪದ ಕಂಬಕ್ಕೆ ಕಟ್ಟಿದ ತೆನೆ

ಸಂಜೆ ಹೊತ್ತು ನಡೆಯಬೇಕು ಅಂತ ಡಾಕ್ಟರು ಅಪ್ಪಣೆ ಮಾಡಿದ್ದಾರೆ. ಮೊಣಕಾಲು ನನ್ನದು, ಮಾತು ಅವರದು. ಹಾಗಾಗಿ ನಡೆಯುತ್ತೇನೆ. ನಮ್ಮೂರಿನಲ್ಲಿ ಮೋಟಾರು ಸೈಕಲ್ಲುಗಳ ಕಾಟವಿಲ್ಲದೆ ನಡೆಯಬಹುದಾದ ಜಾಗ ಒಂದೇ, ಹಳೇ ಪಂಚಾಯಿತಿ ಕಟ್ಟಡದ ಮುಂದಿನ ದುಂಡು ಬಯಲು. ಮೊನ್ನೆ ಅಲ್ಲಿಗೆ ಹೋದವಳು ಬಯಲಿನ ಅಂಚಿಗೆ ಬಂದಾಗ ಎಂದಿನಂತೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡೆ. ಬೇಕೆಂದು ಮಾಡಿದ್ದಲ್ಲ, ಕಾಲು ತಾನಾಗಿಯೇ ಮಾಡುತ್ತದೆ. ಟೇಪು ಹಿಡಿದು ಅಳತೆ ತೆಗೆಯುತ್ತಿದ್ದ ಎಂಜಿನಿಯರ್ ಹುಡುಗಿಯೊಬ್ಬಳು ನೋಡಿ ನಕ್ಕುಬಿಟ್ಟಳು.

"ಅಜ್ಜಿ, ಇಲ್ಲಿ ಗುಡಿ ಗಿಡಿ ಏನೂ ಇಲ್ವಲ್ಲ, ಚಪ್ಪಲಿ ಯಾಕೆ ಬಿಟ್ರಿ? ಗಾಜು ಗೀಜು ಚುಚ್ಚಿಬಿಡುತ್ತೆ."

"ಅಭ್ಯಾಸ ಕಣಮ್ಮ" ಅಂದೆ.

ಒಳ್ಳೆಯ ಹುಡುಗಿ. ಕೂರಿಸಿಕೊಂಡು ತನ್ನ ನಕ್ಷೆ ಬಿಡಿಸಿ ತೋರಿಸಿದಳು. ಬಯಲಿನ ಸುತ್ತ ಉಕ್ಕಿನ ಕಂಬಿ, ಒಳಗೆ ಹುಲ್ಲುಹಾಸು, ಗುಲಾಬಿ ಪಾತಿ, ನಟ್ಟನಡುವೆ ಬಣ್ಣದ ದೀಪದ ಕಾರಂಜಿ. ಕಾರಂಜಿಗೆ ಜಾಗ ಬೇಕಲ್ಲ, ಅದಕ್ಕೆ ನಡುವೆ ನಿಂತಿರುವ ಹಳೇ ಕಲ್ಲುಕಂಬವನ್ನು ಕಿತ್ತುಹಾಕುತ್ತಾರಂತೆ. ಸಂಜೆಯಾದ ಮೇಲೆ ಗೇಟಿಗೆ ಬೀಗ. ನಾನು ಏನಂದೆ ಗೊತ್ತೆ? "ಬಹಳ ಚೆನ್ನಾಗಿದೆ ಮಗು" ಅಂದೆ. ಗುಲಾಬಿ ಅಂದ ಕೂಡಲೆ ನನ್ನ ಬುದ್ಧಿ ಜಾರುತ್ತದೆ, ಅದು ಇವತ್ತಿನ ರೋಗವಲ್ಲ. ಮನೆಗೆ ಬಂದು ಊಟಕ್ಕೆ ಕುಳಿತರೆ ಅನ್ನದ ನಡುವೆಯೂ ಆ ಕಲ್ಲುಕಂಬವೇ ನಿಂತಿತ್ತು.

ಆ ಕಂಬ ಏನೆಂದು ನಿಮಗೆ ಹೇಳಲೇಬೇಕು. ಸ್ವಲ್ಪ ಸುತ್ತು ಬಳಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕೃಷ್ಣರಾಜನಗರದಿಂದ ಚುಂಚನಕಟ್ಟೆಗೆ ಹೋಗುವ ದಾರಿಯಲ್ಲಿ ನಾಲೆ ದಾಟಿ ಎಡಕ್ಕೆ ಇಳಿದರೆ ನಮ್ಮೂರು. ಹಿಂದೆ ಗದ್ದೆ, ಮುಂದೆ ಗದ್ದೆ. ನಾನು ಇಲ್ಲಿಗೆ ಸೊಸೆಯಾಗಿ ಬಂದಾಗ ಇನ್ನೂ ಮಹಾರಾಜರ ಕಾಲ. ನನ್ನ ತವರು ಹುಣಸೂರು. ಅಪ್ಪ ಅಲ್ಲಿನ ಮರದ ಡಿಪೋದಲ್ಲಿ ಗುಮಾಸ್ತರು. ನಾನು ಲೋಯರ್ ಸೆಕೆಂಡರಿ ಓದಿದವಳು, ಕಾಲಿಗೆ ಚಪ್ಪಲಿ ಹಾಕುವವಳು, ದೊರೆಗಳ ಬಂಗಲೆಯ ಬೇಲಿಗೆ ಮುಖ ಒತ್ತಿ ಗುಲಾಬಿ ಪಾತಿಗಳನ್ನು ಕಣ್ತುಂಬ ನೋಡಿದವಳು. ಇಷ್ಟು ಬಂಡವಾಳ ಇಟ್ಟುಕೊಂಡು ನನ್ನನ್ನು ನಾನು ಏನೋ ಅಂದುಕೊಂಡಿದ್ದೆ. ಗಾಡಿಯಿಂದ ಇಳಿದ ದಿನ ನನ್ನ ಚಪ್ಪಲಿಯನ್ನು ನೋಡುವುದಕ್ಕೇ ಒಂದಷ್ಟು ಹೆಂಗಸರು ಬಂದಿದ್ದರು. ಮುಖ ಆಮೇಲೆ ನೋಡಿದರು.

ನಮ್ಮತ್ತೆ ನಿಂಗಾಜಮ್ಮನವರು ಮಾತ್ರ ಎರಡನ್ನೂ ಒಂದೇ ಸಲ ನೋಡಿ, "ಮೆಟ್ಟು ಚೆನ್ನಾಗವೆ. ಎಲ್ಲಿ ಹಾಕ್ಕೋಬೇಕು, ಎಲ್ಲಿ ಬುಡಬೇಕು ಅಂತ ತಿಳ್ಕಂಡ್ರೆ ಸಾಕು" ಅಂದರು. ಮಾವನವರು ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಬೇಸಾಯವೆಲ್ಲ ಅತ್ತೆಯದೇ. ನನ್ನ ಯಜಮಾನರು ಅಮ್ಮನ ಎದುರಿಗೆ ಉಸಿರು ಕೂಡ ಕೇಳಿ ಬಿಡುತ್ತಿದ್ದರು. ನಾಲೆಯ ತೂಬಿನ ಹತ್ತಿರ ಅತ್ತೆ ನೀರಿಗಾಗಿ ಜಗಳಕ್ಕೆ ನಿಂತರೆ ಅಡುಗೆ ಮನೆಯಲ್ಲಿದ್ದ ನನಗೆ ಪ್ರತಿ ಮಾತೂ ಕೇಳುತ್ತಿತ್ತು. ಅಂಥ ಗಂಟಲು.

ಆಗ ಈ ಬಯಲು ಊರ ಕಣವಾಗಿತ್ತು. ಹೆಚ್ಚು ಜಮೀನು ಇದ್ದವರಿಗೆ ಅವರವರದೇ ಒಕ್ಕಣೆ ಕಣ ಇರುತ್ತಿತ್ತು. ನಮ್ಮಂಥ ನಡುಮಟ್ಟದವರು, ತುಂಡು ಗದ್ದೆಯವರು ಎಲ್ಲ ಸರದಿಯ ಮೇಲೆ ಇಲ್ಲಿಯೇ ಭತ್ತ ಒಕ್ಕುತ್ತಿದ್ದೆವು. ಹೀಗಿರುವಾಗ ಊರಿಗೊಂದು ಪಂಚಾಯಿತಿ ಕಟ್ಟಡ ಮಂಜೂರಾಯಿತು. ಊರ ನಡುವೆ ಅಷ್ಟು ದೊಡ್ಡ ಖಾಲಿ ಜಾಗ ಇದೊಂದೇ ಇದ್ದದ್ದು. ಒಂದು ಬದಿಗೆ ಕಟ್ಟಡ ಎದ್ದಿತು, ಕಲ್ಲಿನ ಗೋಡೆ, ಮಂಗಳೂರು ಹೆಂಚು. ಉಳಿದ ನೆಲವೂ ಪಂಚಾಯಿತಿಯ ಪಾಲಾಯಿತು. ಕಣ ಹೋಯಿತಲ್ಲ ಅಂತ ಜನ ಗಲಾಟೆ ಎಬ್ಬಿಸಿದಾಗ ಪಂಚಾಯಿತಿಯ ಚೇರ್ಮನ್ ಸಣ್ಣೇಗೌಡರು ಎಲ್ಲರ ಮುಂದೆ ನಿಂತು ಮಾತು ಕೊಟ್ಟರು. "ಸರ್ಕಾರ ಬದಲಿ ಕಣ ಮಾಡಿಸಿಕೊಡ್ತದೆ. ನನ್ನ ಮೇಲೆ ಬುಡಿ." ಸಣ್ಣೇಗೌಡರು ಅತ್ತೆಗೆ ವರಸೆಯಲ್ಲಿ ತಮ್ಮನಾಗಬೇಕು. ಮಾತು ಕೊಡುವುದರಲ್ಲಿ ಅವರ ಕೈ ಎಂದೂ ಹಿಡಿತವಲ್ಲ.

ಕಟ್ಟಡ ಆದ ಮೇಲೆ ಅದರ ಮುಂದೆ ಉದ್ಯಾನ ಆಗಬೇಕು ಅಂತ ಮೈಸೂರಿನಿಂದ ತಪಾಸಣೆಗೆ ಬರುತ್ತಿದ್ದ ಸಾಹೇಬರಿಗೆ ಹುಕಿ ಬಂತು. ನಕ್ಷೆ ಅವರೇ ಬರೆದರು. ಅದು ಚೆನ್ನಾಗಿರಲಿಲ್ಲ ಅಂದರೆ ನನ್ನ ಬಾಯಿಗೆ ಹುಳ ಬೀಳುತ್ತದೆ. ನಾಲ್ಕು ದಿಕ್ಕಿನಿಂದ ಕೆಂಪು ಗರಸು ಹಾಕಿದ ದಾರಿ, ದಾರಿಯ ಬದಿಗೆ ಇಟ್ಟಿಗೆಯನ್ನು ಓರೆಯಾಗಿ ಹೂತು ಸುಣ್ಣ ಬಳಿದ ಅಂಚು, ಕಾಬಾಳೆ, ಕ್ರೋಟನ್ನು, ಮೂಲೆಗೊಂದು ಗುಲಾಬಿ ಪಾತಿ. ನಾಲ್ಕು ದಾರಿಯೂ ಸೇರುವ ಕಡೆ ದೊಡ್ಡ ದುಂಡು ಬಯಲು, ಅದರ ನಟ್ಟನಡುವೆ ಕಲ್ಲಿನ ದೀಪದ ಕಂಬ. ಮಾಲಿಯೊಬ್ಬ ಬಂದ. ಬಯಲನ್ನು ಕೆತ್ತಿ, ಮಟ್ಟ ಮಾಡಿ, ನೀರು ಚಿಮುಕಿಸಿ, ಎತ್ತು ಕಟ್ಟಿ ಕಲ್ಲುಗುಂಡು ಎಳೆಸಿ ಗಟ್ಟಿ ಮಾಡಿದರು. ನಾನು ನೀರಿಗೆ ಹೋಗುವ ನೆಪದಲ್ಲಿ ದಿನವೂ ಗುಲಾಬಿ ಗಿಡದ ಹತ್ತಿರ ನಿಂತು ಬರುತ್ತಿದ್ದೆ. ಬಿಂದಿಗೆ ತುಂಬಿದ್ದರೂ ಮನೆ ದಾರಿ ಮರೆತುಹೋಗುತ್ತಿತ್ತು. ಕೆಲಸ ಅಷ್ಟಕ್ಕೆ ನಿಂತಿತು. ಬಯಲಿಗೆ ನೆಡುವ ಹುಲ್ಲು ಮೈಸೂರಿನಿಂದ ಬರಬೇಕಾಗಿತ್ತು, ಬರಲಿಲ್ಲ. ಅಷ್ಟರಲ್ಲಿ ಕುಯ್ಲು ಬಂತು.

ಈಗ ನೀವು ನಮ್ಮೂರಿನವರ ಕಣ್ಣಿನಿಂದ ಒಂದು ಸಲ ಆ ಬಯಲನ್ನು ನೋಡಿ. ದುಂಡಗಿದೆ. ಕೆತ್ತಿ, ನೀರು ಹಾಕಿ, ಗುಂಡು ಎಳೆಸಿ ಗಟ್ಟಿ ಮಾಡಿದ್ದಾರೆ. ನಡುವೆ ಕಂಬ ನೆಟ್ಟಿದ್ದಾರೆ. ಒಕ್ಕಣೆ ಕಣ ಮಾಡುವುದು ಹಾಗೆಯೇ ತಾನೆ? ಎತ್ತುಗಳನ್ನು ಸುತ್ತ ತಿರುಗಿಸುವುದಕ್ಕೆ ನಡುವೆ ನೆಡುವ ಕಂಬಕ್ಕೆ ಮೇಟಿ ಅನ್ನುತ್ತಾರೆ. ಬದಲಿ ಕಣ ಕೊಡುತ್ತೇವೆ ಅಂತ ಚೇರ್ಮನ್ನರೇ ಮಾತು ಕೊಟ್ಟಿದ್ದಾರೆ. ಇನ್ನು ಅನುಮಾನಕ್ಕೆ ಎಡೆ ಎಲ್ಲಿ? ಊರಿಗೆ ಊರೇ ಕೈಮುಗಿಯಿತು. ಇಟ್ಟಿಗೆ ಅಂಚು, ಹೂವಿನ ಗಿಡ ಎಲ್ಲ ಕಣಕ್ಕೆ ಮಾಡಿದ ಸಿಂಗಾರ ಅಂದುಕೊಂಡರು. "ಮಾರಾಜ್ರು ಮಾಡ್ಸಿದ ಕಣ ಅಂದ್ರೆ ಸುಮ್ನೆ ಆಯ್ತದಾ?" ಅಂತ ಮುದುಕರು ಮೀಸೆ ತಿರುವಿದರು.

ನನ್ನ ಯಜಮಾನರಿಗೆ ಚೇರ್ಮನ್ನರ ಬಾಯಿಂದ ನಿಜ ತಿಳಿದಿತ್ತು. ಅಮ್ಮನಿಗೆ ಹೇಳುವ ಧೈರ್ಯ ಇರಲಿಲ್ಲ. ರಾತ್ರಿ ಹೊದಿಕೆ ತಲೆಯ ಮೇಲೆ ಎಳೆದುಕೊಂಡು, "ನೀನು ಓದಿದವಳು, ನೀನೇ ಹೇಳು" ಅಂದರು. ಬೆಳಗ್ಗೆ ಎದ್ದು ನಾನು ಹೇಳುವ ಹೊತ್ತಿಗೆ ಅತ್ತೆ ಆಗಲೇ ಕೈಕಾಲು ತೊಳೆದುಕೊಂಡು ಹಿತ್ತಲಿನಿಂದ ಬರುತ್ತಿದ್ದರು. ಬೆಳಕು ಹರಿಯುವ ಮುಂಚೆಯೇ ಹೆಂಗಸರೆಲ್ಲ ಸೇರಿ ಬಯಲಿಗೆ ಸಗಣಿ ಬಗ್ಗಡ ಸಾರಿಸಿದ್ದರು. ಕಂಬದ ತುದಿಗೆ ಭತ್ತದ ತೆನೆ ಕಟ್ಟಿ, ಬುಡದಲ್ಲಿ ಸಗಣಿಯ ಉಂಡೆಗೆ ಗರಿಕೆ ಸಿಕ್ಕಿಸಿದ ಬೆನವನನ್ನು, ಅಂದರೆ ಗಣಪನನ್ನು, ಇಟ್ಟು, ಕಾಯಿ ಒಡೆದು ಪೂಜೆ ಮುಗಿಸಿದ್ದರು.

"ಅತ್ತೆ, ಅದು ಕಣ ಅಲ್ಲವಂತೆ" ಅಂದೆ. "ಅಲ್ಲಿ ಹುಲ್ಲು ಬೆಳೆಸ್ತಾರಂತೆ."

"ದನಗೊಳ್ಗಾ?"

"ಇಲ್ಲ. ನೋಡೋಕೆ."

"ನೋಡಾಕಾ?" ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದವರು ನಿಲ್ಲಿಸಿದರು. "ಯಾವ ಹುಲ್ಲಂತೆ?"

"ಗರಿಕೆಯಂತೆ ಅತ್ತೆ."

ಅತ್ತೆ ನಕ್ಕ ನಗೆಗೆ ಕೊಟ್ಟಿಗೆಯ ಎಮ್ಮೆ ಎದ್ದು ನಿಂತಿತು. "ನಾನು ಈ ಮನೆ ಸೇರ್ದಾಗಿಂದ ಗದ್ದೆ ಬದೀಲಿ ಗರಿಕೆ ಕಿತ್ತೂ ಕಿತ್ತೂ ಉಗುರು ಸವೆಸ್ಕಂಡಿವ್ನಿ. ಅದ ಮೈಸೂರಿಂದ ಗಾಡೀಲಿ ತಂದು ನೆಡ್ತಾರಾ? ಕಣದಲ್ಲಿ ಹುಲ್ಲು ಹುಟ್ಟಿದ್ರೆ, ಪಾಪ, ಈ ಮನೇಲಿ ಬೆಳೆ ಆಗ್ನಿಲ್ಲ ಅಂತ ಜನ ಮರುಗ್ತಾರೆ ಕಣಮ್ಮಿ. ಅಂತಾದ್ರಲ್ಲಿ ಕೂಲಿ ಕೊಟ್ಟು ಹುಟ್ಟಿಸ್ತಾರಾ?"

ನಗು ನಿಂತ ಮೇಲೆ ಮುಖ ಗಂಟಿಕ್ಕಿತು. ತಪ್ಪು ತಿಳಿದೆವು ಅನ್ನುವುದು ಅವರಿಗೂ ಅರ್ಥವಾಗಿತ್ತು. ನನಗೆ ಹೆದರಿಕೆ. ಪೊಲೀಸು, ಕೋರ್ಟು ಎಲ್ಲ ಕಣ್ಣ ಮುಂದೆ ಬಂತು. "ಈಗೇನು ಮಾಡೋದು ಅತ್ತೆ?" ಅಂದೆ.

"ಮಾಡಾದೇನು? ಮೇಟಿ ಪೂಜೆ ಆಗೋಗದೆ. ಪೂಜೆ ಆದ್ಮೇಲೆ ರಾಸಿ ಎತ್ತೋಗಂಟ ಕಣ ಬುಡಂಗಿಲ್ಲ."

"ಅದು ದೀಪದ ಕಂಬ ಅತ್ತೆ."

"ಪೂಜೆ ಆಗೋಗಂಟ ದೀಪದ ಕಂಬ. ಈಗ ಮೇಟಿ."

ಕಣಕ್ಕೆ ನಮ್ಮ ಕಡೆ ಕಟ್ಟುಪಾಡುಗಳಿವೆ. ಮೆಟ್ಟು ಹಾಕಿಕೊಂಡು ಒಳಗೆ ಕಾಲಿಡುವ ಹಾಗಿಲ್ಲ. ಕಣದ ಹತ್ತಿರ ಬಂದವರನ್ನು, ಅವರು ಯಾರೇ ಆಗಲಿ, ಬರಿಗೈಯಲ್ಲಿ ಕಳಿಸುವ ಹಾಗಿಲ್ಲ. ಮೇಟಿ ಪೂಜೆ ಆದ ಮೇಲೆ ಒಕ್ಕಿ, ತೂರಿ, ರಾಶಿ ಮಾಡಿ, ಆ ರಾಶಿಯನ್ನು ಮನೆಗೆ ಎತ್ತುವವರೆಗೆ ಕಣವನ್ನು ಯಾರೂ ಕದಲಿಸುವ ಹಾಗಿಲ್ಲ. ಇವನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಮುರಿದವರನ್ನೂ ನಾನು ಕಂಡಿಲ್ಲ.

ಚೇರ್ಮನ್ನರು ಓಡಿ ಬಂದರು. ಪೇಟ ಕೈಯಲ್ಲಿ, ಬೆವರು ಹಣೆಯಲ್ಲಿ. "ಅಕ್ಕಯ್ಯ, ನನ್ನ ಮಾನ ಉಳಿಸು. ನಾಡಿದ್ದು ಸಾಹೇಬ್ರು ಬತ್ತಾವ್ರೆ. ನಿಮ್ಮ ಹೊರೆಗಳ್ನ ಎಲ್ಲಾರಾ ಬೇರೆ ಕಡೆ ಹಾಕ್ಕೊಳಿ."

"ಎಲ್ಲಿ ಹಾಕನ ಹೇಳು ಸಣ್ಣೇಗೌಡ, ನಿನ್ನ ತಲೆ ಮ್ಯಾಲಾ? ಇದ್ದ ಕಣ ಕಿತ್ಕಂಡ್ರಿ. ಬದಲಿ ಕೊಡ್ತೀನಿ ಅಂದೋನು ನೀನೇ. ಗದ್ದೇಲಿ ಕುಯ್ದು ಬಿದ್ದಿರೋ ಬತ್ತಕ್ಕೆ ಮೋಡ ಬಂದು ನಾಕು ಹನಿ ಬಿದ್ರೆ ಮೊಳಕೆ ಹೊಡೀತದೆ. ಮಕ್ಕಳಿಗೆ ನಿನ್ನ ಕ್ರೋಟನ್ ಬೇಯ್ಸಿ ಇಕ್ಕನಾ?"

ಸಣ್ಣೇಗೌಡರು ನನ್ನ ಕಡೆ ನೋಡಿದರು. ಓದಿದ ಸೊಸೆ, ಹೂವಿನ ಗಿಡ ಕಂಡರೆ ಪ್ರಾಣ ಬಿಡುವವಳು, ನಾಲ್ಕು ಬುದ್ಧಿಮಾತು ಹೇಳಿಯಾಳು ಅಂತ ಆಸೆ. ನಾನು ಒಲೆ ಊದುವುದಕ್ಕೆ ಒಳಗೆ ಹೋದೆ. ಒಲೆ ಚೆನ್ನಾಗಿಯೇ ಉರಿಯುತ್ತಿತ್ತು.

ಸಾಹೇಬರು ಬಂದ ದಿನ ಕಣದಲ್ಲಿ ಕೆಲಸ ಭರದಿಂದ ಸಾಗಿತ್ತು. ಒಂದು ಕಡೆ ತೂರಿದ ಭತ್ತದ ರಾಶಿ ಎದೆಯ ಮಟ್ಟಕ್ಕೆ ನಿಂತಿತ್ತು. ಇನ್ನೊಂದು ಕಡೆ ದೀಪದ ಕಂಬದ ಸುತ್ತ ಎತ್ತುಗಳು ತುಳಿಯುತ್ತಿದ್ದವು. ಹೊಸ ಹುಲ್ಲಿನ ವಾಸನೆ, ಧೂಳು, ಗಲಾಟೆ. ನಾನು ಚಪ್ಪಲಿ ಹಾಕಿಕೊಂಡು ಗರಸು ದಾರಿಯ ಮೇಲೆ ಗುಲಾಬಿ ಪಾತಿಯ ಪಕ್ಕ ನಿಂತಿದ್ದೆ. ಆ ಕಡೆಗೂ ಅಲ್ಲ, ಈ ಕಡೆಗೂ ಅಲ್ಲ, ಅಂಥ ಜಾಗ. ಸಾಹೇಬರು ಕುದುರೆ ಗಾಡಿಯಿಂದ ಇಳಿದರು. ಜರಿ ಪೇಟ, ಮುಚ್ಚುಕೋಟು, ಮಿರಿಮಿರಿ ಮಿಂಚುವ ಬೂಟು. ತಮ್ಮ ನಕ್ಷೆಯ ದುಂಡನೆಯ ಜಾಗದಲ್ಲಿ ಎತ್ತು ತಿರುಗುತ್ತಿರುವುದನ್ನು ಕಂಡು ಗಾಡಿಯ ಪಕ್ಕದಲ್ಲೇ ನಿಂತುಬಿಟ್ಟರು. ಆಸೆಪಟ್ಟು ಬರೆದ ಕೆಲಸ, ಹೊಟ್ಟೆ ಉರಿಯದೆ ಇರುತ್ತದೆಯೆ? ಅವರ ಮುಖ ಕಂಡು ನನಗೂ ಅಯ್ಯೋ ಅನ್ನಿಸಿತು.

"ಯಾರ ಅಪ್ಪಣೆ ಮೇಲೆ ಇದನ್ನೆಲ್ಲ ಮಾಡಿದ್ದೀರಿ?" ಅಂದರು.

ಅತ್ತೆ ಮೊರ ಕೆಳಗಿಟ್ಟು ಕಣದ ಅಂಚಿಗೆ ಬಂದು ನಿಂತರು. "ನೆಲ ಮಟ್ಟ ಮಾಡ್ಸಿದೋರು ನೀವು ಸ್ವಾಮಿ. ಗುಂಡು ಎಳೆಸಿದೋರು ನೀವು. ಕಂಬ ನೆಟ್ಟೋರೂ ನೀವೆಯ. ನಾವು ಸಗಣಿ ಸಾರ್ಸಿದ್ದು ಒಂದೇಯ."

"ಇದು ಉದ್ಯಾನ! ಸಾರ್ವಜನಿಕರಿಗೋಸ್ಕರ ಮಾಡಿರೋದು!"

"ಅಂಗಂದ್ರೆ ಯಾರು ಸ್ವಾಮಿ?"

"ಅಂದರೆ ಜನರಿಗೆ. ಊರ ಜನರಿಗೆ."

"ಬಂದಿವಲ್ಲ" ಅಂದರು ಅತ್ತೆ.

ಯಾರೋ ಕಿಸಕ್ಕೆಂದರು. ಸಾಹೇಬರ ಕಿವಿ ಕೆಂಪಾಯಿತು. ಜೊತೆಗೆ ಬಂದಿದ್ದ ಇಬ್ಬರು ದಫೇದಾರರಿಗೆ, "ಹೋಗಿ ಎತ್ತು ಬಿಚ್ಚಿಸಿ" ಅಂತ ಗದರಿದರು. ದಫೇದಾರರು ಹೊರಟರು. ಕಣದ ಅಂಚಿಗೆ ಬಂದದ್ದೇ ತಡ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ, ಯಾರೂ ಹೇಳದೆ, ಚಪ್ಪಲಿ ಕಳಚಿ ಬಿಟ್ಟರು. ಅವರ ಕಾಲಿಗೆ ಗೊತ್ತಿತ್ತು. ಒಬ್ಬ ಪಿರಿಯಾಪಟ್ಟಣದ ಕಡೆಯವನು, ರಾಶಿಯ ಹತ್ತಿರ ಹೋಗುತ್ತಿದ್ದಂತೆ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಆಮೇಲೆ ತಿರುಗಿ ನಿಂತು, "ತುಳೀತಿರೋ ಎತ್ತ ನಡುವೆ ಬಿಚ್ಚಬಾರ್ದು ಸ್ವಾಮಿ" ಅಂದ.

ಈಗ ಮೆಟ್ಟು ಹಾಕಿಕೊಂಡು ನಿಂತವರು ಸಾಹೇಬರೊಬ್ಬರೇ. ಅಲ್ಲ, ಇನ್ನೊಬ್ಬಳೂ ಇದ್ದಳು.

ಅತ್ತೆ ರಾಶಿಯಿಂದ ಒಂದು ಮೊರ ಭತ್ತ ತುಂಬಿಕೊಂಡರು. "ಕಣದ ತಾವ್ಕೆ ಬಂದೋರ್ನ ಬರಿಗೈಲಿ ಕಳ್ಸಿದ್ರೆ ನಮಗೆ ಏಳಿಗೆ ಆಗಾಕಿಲ್ಲ. ಮೆಟ್ಟು ಬುಟ್ಟು ಒಳಿಕ್ಕೆ ಬನ್ನಿ ಸ್ವಾಮಿ. ಮೊದಲ್ನೇ ಮೊರ ನಿಮ್ದೇಯ." ಆಮೇಲೆ ತಲೆ ಎತ್ತಿ, ಅಷ್ಟೂ ಜನರ ತಲೆಯ ಮೇಲಿಂದ ನನ್ನನ್ನು ನೋಡಿದರು. "ಅಮ್ಮೀ, ಆ ಕಡೆ ಮೊರ ಹಿಡ್ಕೊ ಬಾ. ಭಾರ ಅದೆ."

ಭಾರ! ಒಂದು ಪಲ್ಲದ ಭತ್ತದ ಮೂಟೆಯನ್ನು ಒಬ್ಬರೇ ಎತ್ತಿ ಸೊಂಟದ ಮೇಲಿಟ್ಟುಕೊಳ್ಳುವ ಹೆಂಗಸಿಗೆ ಒಂದು ಮೊರ ಭಾರ! ಗುಲಾಬಿ ಗಿಡ ಒಂದು ಸಲ ನೋಡಿದೆ. ಚಪ್ಪಲಿಯನ್ನು ಗರಸಿನ ಮೇಲೆಯೇ ಕಳಚಿ ಎಸೆದು ಕಣದೊಳಕ್ಕೆ ಕಾಲಿಟ್ಟೆ. ಸಗಣಿ ಸಾರಿಸಿದ ನೆಲ ಅಂಗಾಲಿಗೆ ತಣ್ಣಗೆ ತಾಗಿತು. ಮೊರದ ಇನ್ನೊಂದು ಅಂಚು ಹಿಡಿದೆ. ಅತ್ತೆ ಮೊರವನ್ನು ಪೂರ್ತಿ ನನ್ನ ಕೈಗೇ ಬಿಟ್ಟುಕೊಟ್ಟರು. ನಿಜವಾಗಿಯೂ ಭಾರವಿತ್ತು.

ಸಾಹೇಬರು ಬಗ್ಗಿ ಬೂಟಿನ ಲಾಡಿ ಬಿಚ್ಚಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಬಗ್ಗಲಿಲ್ಲ. ಊರೆಲ್ಲ ನೋಡುತ್ತಿರುವಾಗ ಬಗ್ಗುವುದು ಸುಲಭವಲ್ಲ, ಅದನ್ನು ಒಪ್ಪುತ್ತೇನೆ. ಸಣ್ಣೇಗೌಡರ ಕಡೆ ಒಮ್ಮೆ ಉರಿಗಣ್ಣು ಬಿಟ್ಟು, "ಇದು ಮುಗಿದ ಕೂಡಲೆ ಬೇಲಿ ಹಾಕಿಸಿ" ಅಂದು ಗಾಡಿ ಹತ್ತಿದರು. ಅತ್ತೆ ಬಿಡಬೇಕಲ್ಲ! ಪಿರಿಯಾಪಟ್ಟಣದ ದಫೇದಾರನ ಹೆಗಲ ಮೇಲಿನ ವಸ್ತ್ರ ಹಾಸಿಸಿ, ನನ್ನ ಕೈಯಿಂದಲೇ ಭತ್ತ ಸುರಿಸಿದರು. "ಸಾಹೇಬ್ರ ಮನೆಗೆ ತಲುಪ್ಸಪ್ಪ. ನಮ್ಮೂರ ಕಣದ್ದು ಅಂತ ಹೇಳು. ಕಣದ್ದು ಅನ್ನಾದ ಮರೀಬ್ಯಾಡ."

ಕುಯ್ಲು ಮುಗಿಯಿತು. ಎಲ್ಲರ ರಾಶಿಯೂ ಮನೆ ಸೇರಿತು. ಕೊನೆಯ ರಾಶಿ ಎತ್ತಿದ ದಿನ ಅತ್ತೆ ತಾವೇ ಚೇರ್ಮನ್ನರ ಮನೆಗೆ ಹೋಗಿ, "ಈಗ ನೆಟ್ಕೊ ನಿನ್ನ ಗರಿಕೆಯ" ಅಂದು ಬಂದರು. ಮಾತಿಗೆ ಮಾತು ಅಂದರೆ ಅವರಿಗೆ ಮಾತೇ. ಮಾಲಿ ಗರಿಕೆ ನೆಟ್ಟು ದಿನವೂ ನೀರು ಹಾಕಿದ. ಗರಿಕೆ ಮೊಳೆಯುವ ಮುಂಚೆಯೇ ಬಯಲೆಲ್ಲ ಹಚ್ಚಗಾಯಿತು. ಅವನು ಹಿಗ್ಗಿಹೋದ. ಹೋಗಿ ನೋಡಿದರೆ ಎಲ್ಲ ಭತ್ತದ ಪೈರು! ಒಕ್ಕುವಾಗ ಉದುರಿ ನೆಲದ ಬಿರುಕಿನಲ್ಲಿ ಸೇರಿದ್ದ ಕಾಳೆಲ್ಲ ಎದ್ದು ಕೂತಿತ್ತು. ಚೇರ್ಮನ್ನರು ಕಳೆ ಕೀಳುವುದಕ್ಕೆ ಹೆಂಗಸರನ್ನು ಕರೆಸಿದರು. ಹೆಂಗಸರು ಬಂದರು, ನೋಡಿದರು. ಗರಿಕೆಯನ್ನು ಉಳಿಸಿಕೊಂಡು ಭತ್ತವನ್ನು ಕೀಳಬೇಕು ಅಂತ ತಿಳಿದ ಮೇಲೆ ಸೆರಗು ಕೊಡವಿಕೊಂಡು ಎದ್ದರು. "ಅನ್ನ ಕೀಳಾಕೆ ನಮ್ಮ ಕೈ ಬರಾಕಿಲ್ಲ ಗೌಡ್ರೇ" ಅಂದು ಹೊರಟೇಹೋದರು. ಕೊನೆಗೆ ದನಗಳು ನುಗ್ಗಿ ಭತ್ತ, ಗರಿಕೆ ಎರಡನ್ನೂ ಭೇದವಿಲ್ಲದೆ ಮೇದವು. ಬೇಲಿ ಬರಲೇ ಇಲ್ಲ. ಮುಂದಿನ ಕುಯ್ಲಿಗೆ ಆ ಬಯಲು ಮತ್ತೆ ಕಣ. ಅದರ ಮುಂದಿನದಕ್ಕೂ ಕಣ. ಗುಲಾಬಿ ಮಾತ್ರ ಬಹಳ ವರ್ಷ ಇತ್ತು, ನಾನೇ ನೀರು ಹಾಕುತ್ತಿದ್ದೆ. ಅತ್ತೆ ಒಂದು ದಿನವೂ ಬೇಡ ಅನ್ನಲಿಲ್ಲ, ಗೊಬ್ಬರ ಕೂಡ ಕೊಡುತ್ತಿದ್ದರು.

ಅತ್ತೆ ತೀರಿಹೋಗಿ ಬಹಳ ಕಾಲವಾಯಿತು. ಎತ್ತು ಹೋದವು, ಯಂತ್ರ ಗದ್ದೆಗೇ ಬಂದು ಭತ್ತ ಉದುರಿಸಿಕೊಡುತ್ತದೆ. ಬಯಲಿನಲ್ಲಿ ಈಗ ಸಂಜೆ ಹೆಂಗಸರು ಹರಟುತ್ತಾರೆ, ಹಪ್ಪಳ ಒಣಗಿಸುತ್ತಾರೆ, ಗದ್ದೆ ಕೆಲಸಕ್ಕೆ ಬಂದ ಬೇರೆ ಊರಿನವರು ಅಲ್ಲೇ ಬುತ್ತಿ ಬಿಚ್ಚುತ್ತಾರೆ. ಕಂಬದ ದೀಪದ ಗಾಜು ಯಾವತ್ತೋ ಒಡೆದುಹೋಗಿದೆ. ಇಷ್ಟು ವರ್ಷ ದಿನವೂ ನೋಡುತ್ತಿದ್ದ ಆ ಕಂಬವನ್ನು ಕೀಳುತ್ತೇವೆ ಅಂತ ಒಂದು ಮಗು ಹೇಳಿತು, ನಾನು ಚೆನ್ನಾಗಿದೆ ಅಂದು ಬಂದೆ! ಗೇಟಿಗೆ ಬೀಗ ಬಿದ್ದರೆ ಆ ಹೆಂಗಸರು ಎಲ್ಲಿ ಕೂರಬೇಕು? ನನ್ನ ಮೇಲೆ ನನಗೇ ಸಿಟ್ಟು ಬಂತು, ಅಟ್ಟದ ಮೇಲಿಂದ ಅತ್ತೆಯ ಮೊರ ಇಳಿಸಿದೆ.

ಇವತ್ತು ಬೆಳಗ್ಗೆ ಆ ಮೊರದಲ್ಲಿ ತೆನೆ, ಕಾಯಿ ಇಟ್ಟುಕೊಂಡು ಹೋಗಿ, ಎದುರು ಮನೆಯ ಹಸುವಿನ ಸಗಣಿಯಲ್ಲಿ ಕಂಬದ ಸುತ್ತ ಆದಷ್ಟು ಸಾರಿಸಿದೆ. ಮೊಣಕಾಲು ಬೈದುಕೊಂಡಿತು. ತುದಿಗೆ ಕೈ ಎಟುಕಲಿಲ್ಲ, ಅರ್ಧಕ್ಕೇ ತೆನೆ ಕಟ್ಟಿ, ಬುಡದಲ್ಲಿ ಬೆನವನನ್ನಿಟ್ಟು ಕಾಯಿ ಒಡೆದೆ. ಟೇಪು ಹಿಡಿದು ಬಂದ ಹುಡುಗಿ ಅಂಚಿನಲ್ಲೇ ನಿಂತಳು. "ಏನಜ್ಜಿ ಇದು?" ಅಂದಳು.

"ಗುಲಾಬಿ ಹಾಕು ಮಗು, ನೀರು ನಾನು ಹಾಕ್ತೀನಿ. ಬೇಲಿ, ಬೀಗ, ಕಾರಂಜಿ ಬೇಡ. ಮೇಟಿ ಪೂಜೆ ಆಗಿದೆ. ರಾಶಿ ಎತ್ತುವವರೆಗೂ ಈ ಕಂಬ ಯಾರೂ ಮುಟ್ಟುವ ಹಾಗಿಲ್ಲ."

ಅವಳು ಸುತ್ತ ನೋಡಿದಳು. ಬಯಲಿನಲ್ಲಿ ಒಂದು ಕಾಳೂ ಇರಲಿಲ್ಲ. "ರಾಶಿ ಯಾವಾಗ ಎತ್ತುತ್ತೀರಿ ಅಜ್ಜಿ?"

"ಇನ್ನೂ ಹಾಕೇ ಇಲ್ವಲ್ಲಮ್ಮ" ಅಂದೆ. "ಒಳಗೆ ಬಾ. ಚಪ್ಪಲಿ ಅಲ್ಲೇ ಬಿಡು."